ಪಾಲಿನಾಮಿಯಲ್, ಫಾರೆಸ್ಟ್, ನ್ಯೂರಲ್ ನೆಟ್: ಮೂರನ್ನೂ ಓಡಿಸಿ ನೋಡಿದೆ

ಕ್ಲೈಮೇಟ್ ಮಾಡೆಲ್‌ನ ಗ್ರಿಡ್ ಚೌಕ ಸಾಮಾನ್ಯವಾಗಿ 50–100 ಕಿ.ಮೀ. ಅಗಲ, ಗುಡುಗುಮೋಡದ ಅಗಲ ಕೆಲವೇ ಕಿ.ಮೀ. ಹಾಗಾಗಿ ಚೌಕದೊಳಗೇ ಹುಟ್ಟಿ ಸಾಯುವ ಮೋಡ ಮಾಡೆಲ್‌ಗೆ ಕಾಣುವುದಿಲ್ಲ, ಅದರ ಪರಿಣಾಮವನ್ನು ಅಂದಾಜಿನ ಸೂತ್ರವೊಂದು ತುಂಬುತ್ತದೆ. ಆ ಸೂತ್ರದ ಜಾಗಕ್ಕೆ ಮಷೀನ್ ಲರ್ನಿಂಗ್ ಕೂರಿಸಿ ನೋಡುವ ಆಸೆ ನನಗೆ. ನಿಜವಾದ ಮಾಡೆಲ್‌ ಓಡಿಸಲು ನನ್ನ ಲ್ಯಾಪ್‌ಟಾಪ್‌ಗೆ ತಾಕತ್ತಿಲ್ಲವಾದ್ದರಿಂದ ‘ಲೊರೆಂಜ್ 96’ ಎಂಬ ಆಟಿಕೆ ಮಾಡೆಲ್ ಹಿಡಿದೆ: ವೃತ್ತಾಕಾರವಾಗಿ 8 ದೊಡ್ಡ ಚರಗಳು, ಪ್ರತಿಯೊಂದರ ಬೆನ್ನಿಗೆ 32 ಚುರುಕಾದ ಮರಿಗಳು. ಮರಿಗಳನ್ನು ಕಿತ್ತುಹಾಕಿ, ಅವು ದೊಡ್ಡದನ್ನು ಎಷ್ಟು ಹಿಂದಕ್ಕೆ ಜಗ್ಗುತ್ತಿದ್ದವು ಎಂದು ಊಹಿಸುವುದೇ ಆಟ. ಊಹೆಗೆ ಮೂರು ವಿಧಾನ: ಪಾಲಿನಾಮಿಯಲ್ (ಘಾತಗಳನ್ನು ಕೂಡಿಸಿದ ಬೀಜಗಣಿತದ ಸೂತ್ರ), ರ‍್ಯಾಂಡಮ್ ಫಾರೆಸ್ಟ್ (ಹೌದು-ಅಲ್ಲ ಪ್ರಶ್ನೆಗಳ ಹಲವು ‘ಮರ’ಗಳ ಸರಾಸರಿ) ಮತ್ತು ನ್ಯೂರಲ್ ನೆಟ್ (ಮಿದುಳಿನ ಜಾಲವನ್ನು ಅನುಕರಿಸುವ ಲೆಕ್ಕ).

ಬರೀ ಊಹೆಗೆ ಅಂಕ ಕೊಟ್ಟಾಗ ಮೂರೂ ಹೆಚ್ಚುಕಮ್ಮಿ ಒಂದೇ, ನ್ಯೂರಲ್ ನೆಟ್ ಕೂದಲೆಳೆ ಮುಂದೆ. ಮಾಡೆಲ್‌ನೊಳಗೆ ಕೂರಿಸಿದ ಮೇಲೆ ಬಣ್ಣ ಬಯಲಾಯಿತು. ಅಲ್ಲಿ ಈ ಹೆಜ್ಜೆಯ ತಪ್ಪು ಮುಂದಿನ ಹೆಜ್ಜೆಗೆ ಊಟ.

ನಾಲ್ಕನೇ ಘಾತದ ಪಾಲಿನಾಮಿಯಲ್ ತರಬೇತಿಯ ಎಲ್ಲೆಯೊಳಗೆ ಅಚ್ಚುಕಟ್ಟು. ಮಾಡೆಲನ್ನು ಹೊರಗಿನಿಂದ ತಳ್ಳುವ ಒತ್ತಡವನ್ನು 10ರಿಂದ 20ಕ್ಕೆ ಏರಿಸಿದೆ ನೋಡಿ, ಪರದೆ ತುಂಬ ‘ನ್ಯಾನ್’ (ಲೆಕ್ಕ ಕೆಟ್ಟು ಸಂಖ್ಯೆಯೇ ಸಿಗದಾಗ ಕಂಪ್ಯೂಟರ್ ತೋರುವ ಗುರುತು).

ರ‍್ಯಾಂಡಮ್ ಫಾರೆಸ್ಟ್ ಯಾವತ್ತೂ ಸಿಡಿಯಲಿಲ್ಲ. ಅದರ ಉತ್ತರವೆಂದರೆ ತಾನು ಕಂಡ ಮಾದರಿಗಳ ಸರಾಸರಿ, ಅಷ್ಟೇ. ಕಂಡ ಮಳೆ ಎಂದೂ ಸೊನ್ನೆಗಿಂತ ಕೆಳಗಿಲ್ಲದಿದ್ದರೆ ಇದು ಹೇಳುವ ಮಳೆಯೂ ಇಳಿಯದು. ಆದರೆ ಆ ಗುಣವೇ ದೋಷ ಕೂಡ: ಒತ್ತಡ 20ಕ್ಕೆ ಏರಿದಾಗ ಜಗ್ಗಾಟದ ಗೆರೆ ಮೇಲೇರದೆ ಮೇಜಿನಂತೆ ಚಪ್ಪಟೆಯಾಯಿತು, ದೊಡ್ಡ ಅಲೆಗಳು ಲಂಗುಲಗಾಮಿಲ್ಲದೆ ಎದ್ದವು. ಇನ್ನು ವೇಗ! ಒಂದು ಹೆಜ್ಜೆಗೆ ನಾಲ್ಕು ಸಲ ಕರೆಯಬೇಕು. ನೆಟ್ ಕಾಫಿ ಕುಡಿಯುವಷ್ಟರಲ್ಲಿ ಮುಗಿಸಿದ ಓಟಕ್ಕೆ ಫಾರೆಸ್ಟ್ ರಾತ್ರಿಯಿಡೀ ಫ್ಯಾನ್ ಗುಯ್‌ಗುಟ್ಟಿಸಿತು.

ನೆಟ್ ಎಲ್ಲೆ ದಾಟಿದ ಮೇಲೆ ಗೆರೆಯನ್ನು ನೇರವಾಗಿ ಎಳೆದುಕೊಂಡು ಹೋಯಿತು. ಅದೃಷ್ಟಕ್ಕೆ ದಿಕ್ಕು ಸರಿಯಿತ್ತು. ಅದೇ ನೆಟ್ಟನ್ನು ಬೇರೆ ಬೀಜಸಂಖ್ಯೆಯಿಂದ (ಆರಂಭದ ಯಾದೃಚ್ಛಿಕ ಅಂಕಿಗಳನ್ನು ನಿರ್ಧರಿಸುವ ಸಂಖ್ಯೆ) ತರಬೇತು ಮಾಡಿದಾಗ ದಿಕ್ಕೇ ಬದಲಾಯಿತು, ಅಲ್ಲಿಗೆ ನನ್ನ ನಂಬಿಕೆಯೂ ಹೋಯಿತು.

ದೊಡ್ಡವರ ಕಥೆಯೂ ಇದೇ. 2018ರಲ್ಲಿ ಹವಾಮಾನ ವಿಜ್ಞಾನಿಗಳಾದ ರಾಸ್ಪ್, ಪ್ರಿಚರ್ಡ್, ಜೆಂಟಿನ್ ಕಟ್ಟಿದ ನೆಟ್ 4 ಡಿಗ್ರಿ ಹೆಚ್ಚು ಬಿಸಿಯಾದ ಸಾಗರದ ಮುಂದೆ ಎಡವಿತು. ಅದೇ ವರ್ಷ ಓ'ಗಾರ್ಮನ್ ಮತ್ತು ಡ್ವಯರ್ ಅವರ ಫಾರೆಸ್ಟ್ ಕೂಡ ಈಗಿನ ಹವೆಯನ್ನಷ್ಟೇ ಕಲಿತು ಬಿಸಿ ಹವೆಯಲ್ಲಿ ಸೋತಿತು; ಎರಡನ್ನೂ ತೋರಿಸಿದ ಮೇಲೆ ಗೆದ್ದಿತು.

ನಾನೂ ಹಾಗೇ 10 ಮತ್ತು 20 ಎರಡರ ದತ್ತಾಂಶವನ್ನೂ ಬೆರೆಸಿದೆ; 20 ಕೂಡ ತರಬೇತಿಯ ಎಲ್ಲೆಯೊಳಗೆ ಬಂತು. ಈಗ ಕೋಡ್‌ನಲ್ಲಿ ಉಳಿದಿರುವುದು, ಮೊದಲು ಎಸೆಯಬೇಕೆಂದಿದ್ದ ಪಾಲಿನಾಮಿಯಲ್: ಐದೇ ಸಂಖ್ಯೆ, ಒಂದು ಸಾಲು.