ಗೇರ್ ಆಯಿಲ್, ಸ್ಪ್ರೇ, ವ್ಯಾಕ್ಸ್: ಬೈಕಿನ ಚೈನ್‌ಗೆ ಯಾವುದು?

ವಾರವೆಲ್ಲ ನಿಂತು ಶನಿವಾರ, ಭಾನುವಾರ ಮಾತ್ರ ಓಡುವ ಬೈಕಿನ ಚೈನ್‌ಗೆ ಏನು ಹಾಕಬೇಕು? ಹತ್ತು ಜನರನ್ನು ಕೇಳಿದರೆ ಹತ್ತು ಉತ್ತರ ಬರುತ್ತೆ. ನಾನು ಮೂರನ್ನು ಹಾಕಿ ನೋಡಿದ್ದೇನೆ. 80ಡಬ್ಲ್ಯೂ-90 ಗೇರ್ ಆಯಿಲ್ (ಆ ಸಂಖ್ಯೆ ಎಣ್ಣೆ ಎಷ್ಟು ಮಂದ ಅನ್ನುವ ಗುರುತು), ಅಂಟಂಟಾಗಿ ಕೂರುವ ಸ್ಪ್ರೇ ಲ್ಯೂಬ್, ವ್ಯಾಕ್ಸ್ ಸ್ಪ್ರೇ. ಒಂದು ಸೀಸನ್ ಪೂರ್ತಿ ಒಂದೇ. ಬೈಕ್ ಅದೇ, ಹೋಗುವ ದಾರಿಗಳೂ ಹೆಚ್ಚುಕಮ್ಮಿ ಅವೇ.

ಓಡಿಸುವಾಗ ಮೂರೂ ಚೆನ್ನಾಗೇ ಇವೆ ಅನಿಸುತ್ತೆ. ವ್ಯತ್ಯಾಸ ಗೊತ್ತಾಗೋದು ಚಳಿಗಾಲದಲ್ಲಿ, ಬೈಕ್ ನಿಲ್ಲಿಸಿ ಹಿಂದಿನ ಚಕ್ರ ಬಿಚ್ಚಿ, ಮುಂದಿನ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಕವರ್ ತೆಗೆದಾಗ. ಆ ಕವರ್ ಒಳಗೆ ವರ್ಷದ ಲೆಕ್ಕವೆಲ್ಲ ಇರುತ್ತೆ. ಹಾಗೆ ಬಿಚ್ಚಿ ನೋಡಿದ ಮೇಲೆ ನಾನು ಬಂದ ತೀರ್ಮಾನ: ಓಡಿಸುವ ತಿಂಗಳುಗಳಿಗೆ ಗೇರ್ ಆಯಿಲ್, ನಿಲ್ಲಿಸುವ ತಿಂಗಳುಗಳಿಗೆ ಅಂಟು ಸ್ಪ್ರೇ. ವ್ಯಾಕ್ಸ್ ಒಳ್ಳೆಯದೇ, ಆದರೆ ಅದಕ್ಕೆ ತಕ್ಕ ರಸ್ತೆ, ತಕ್ಕ ಹವೆ ಬೇಕು.

ಮೊದಲು ಒಂದು ವಿಷಯ ತಿಳಿದಿರಲಿ. ಈಗಿನ ಬಹಳಷ್ಟು ಬೈಕ್‌ಗಳಲ್ಲಿರುವುದು ಓ-ರಿಂಗ್ ಅಥವಾ ಎಕ್ಸ್-ರಿಂಗ್ ಚೈನ್. ಚೈನಿನ ಕೊಂಡಿಗಳನ್ನು ಜೋಡಿಸುವ ಪಿನ್ನಿಗೂ ಅದರ ಸುತ್ತ ಇರುವ ಕೊಳವೆಯಂಥ ಬುಷ್‌ಗೂ ನಡುವೆ ಬೇಕಾದ ಗ್ರೀಸನ್ನು ಕಾರ್ಖಾನೆಯಲ್ಲೇ ತುಂಬಿ, ಎರಡೂ ಬದಿ ರಬ್ಬರ್ ರಿಂಗ್ ಹಾಕಿ ಮುಚ್ಚಿರುತ್ತಾರೆ. ನಾವು ಹೊರಗಿಂದ ಏನೇ ಹಾಕಿದರೂ ಅದು ಒಳಗೆ ಹೋಗಲ್ಲ. ಹೊರಗಿನ ಲ್ಯೂಬ್‌ಗೆ ಇರುವ ಕೆಲಸ ಇಷ್ಟು: ಬುಷ್ ಮೇಲೆ ತಿರುಗುವ ರೋಲರ್ ಸ್ಪ್ರಾಕೆಟ್ ಹಲ್ಲಿನ ಮೇಲೆ ಕೂರುವಾಗ ಸವೆಯದಂತೆ ನೋಡುವುದು, ರಿಂಗ್ ಒಣಗಿ ಬಿರಿಯದಂತೆ ಇಡುವುದು, ತುಕ್ಕು ತಡೆಯುವುದು. ಹಾಗಾಗಿ ದಪ್ಪಗೆ ಬಳಿದರೆ ಲಾಭ ಜಾಸ್ತಿ ಅನ್ನೋದು ಸುಳ್ಳು.

ಅಂಟು ಸ್ಪ್ರೇ

ಹಾಕಲು ತುಂಬಾ ಸುಲಭ. ರೈಡ್ ಮುಗಿಸಿ ಬಂದಾಗ ಚೈನ್ ಬೆಚ್ಚಗಿರುತ್ತೆ. ಆಗ ಹೊಡೆದು ರಾತ್ರಿಯಿಡೀ ಬಿಟ್ಟರೆ ಅದರಲ್ಲಿರುವ ದ್ರಾವಕ ಆರಿ, ಲ್ಯೂಬ್ ಗಟ್ಟಿಯಾಗಿ ಹಿಡಿದುಕೊಳ್ಳುತ್ತೆ. ಹೊರಡುವ ಮುಂಚೆ ಗಡಿಬಿಡಿಯಲ್ಲಿ ಹೊಡೆದರೆ ಮಾತ್ರ ಅರ್ಧ ರಿಮ್ ಮೇಲಿರುತ್ತೆ. ಮಳೆಯಲ್ಲಿ ಇದರಷ್ಟು ಗಟ್ಟಿಯಾಗಿ ನಿಲ್ಲೋದು ಬೇರೆ ಯಾವುದೂ ಇಲ್ಲ. ದಿನವಿಡೀ ನೆನೆದು ಬಂದರೂ ರೋಲರ್ ಮೇಲೆ ಬೆರಳಿಟ್ಟರೆ ಜಿಗುಟು ಹಾಗೇ ಇರುತ್ತೆ.

ತೊಂದರೆ ಇರೋದೂ ಅದೇ ಜಿಗುಟಿನಲ್ಲಿ. ಒಣ ಮಣ್ಣಿನ ದಾರಿಯಲ್ಲಿ ಸ್ವಲ್ಪ ದೂರ ಹೋದರೂ ಧೂಳೆಲ್ಲ ಬಂದು ಅಂಟುತ್ತೆ. ಮರಳಿನ ಕಣ ಲ್ಯೂಬ್ ಜೊತೆ ಕಲೆತರೆ ಅದು ಉಜ್ಜುವ ಪೇಸ್ಟ್ ಆಗುತ್ತೆ. ಸ್ಪ್ರೇ ಹಾಕಿದ ವರ್ಷ ಸ್ಪ್ರಾಕೆಟ್ ಕವರ್ ತೆಗೆದಾಗ ಒಳಗೆ ಕಪ್ಪು ಹಿಟ್ಟು ಗಟ್ಟಿಯಾಗಿ ತುಂಬಿತ್ತು. ಬಟ್ಟೆಗೆ ಬರಲಿಲ್ಲ, ಬ್ರಷ್‌ಗೂ ಬರಲಿಲ್ಲ. ಮರದ ಕಡ್ಡಿಯಲ್ಲಿ ಕೆರೆದು ತುಂಡು ತುಂಡಾಗಿ ತೆಗೆದೆ. ಒಂದು ತುಂಡನ್ನು ಬೆರಳಲ್ಲಿ ಹಿಸುಕಿ ನೋಡಿದರೆ ಒಳಗೆಲ್ಲ ಸಣ್ಣ ಸಣ್ಣ ಮರಳು ಕರಕರ ಅನ್ನುತ್ತಿತ್ತು. ಅದು ಸೀಸನ್ ಪೂರ್ತಿ ಚೈನ್ ಪಕ್ಕದಲ್ಲೇ ಇದ್ದ ಮರಳು, ಅಲ್ವಾ?

ವ್ಯಾಕ್ಸ್

ನೋಡಲು ಇದೇ ಚೆಂದ. ರಿಮ್ ಚೊಕ್ಕಟ, ಪ್ಯಾಂಟಿಗೆ ಕಲೆ ಇಲ್ಲ, ಧೂಳೂ ಜಾಸ್ತಿ ಹಿಡಿಯಲ್ಲ. ಒಣ ಹವೆಯಲ್ಲಿ ಟಾರ್ ರಸ್ತೆ ಮೇಲಷ್ಟೇ ಓಡಿಸುವವರು ಇದನ್ನು ಹಾಕಿದರೆ ನಾನು ಬೇಡ ಅನ್ನಲ್ಲ. ಆದರೆ ಹಾಕುವ ಮುಂಚೆ ಹಳೇ ಎಣ್ಣೆ ಒಂದಿಷ್ಟೂ ಉಳಿಯದಂತೆ ತೊಳೆದು ಒಣಗಿಸಬೇಕು. ಇಲ್ಲದಿದ್ದರೆ ವ್ಯಾಕ್ಸ್ ಹಿಡಿಯದೆ ಪದರ ಪದರವಾಗಿ ಉದುರುತ್ತೆ. ಜೋರು ಮಳೆ ಬಂದರೆ ಬೇಗ ಹೋಗಿಬಿಡುತ್ತೆ. ಮಳೆಯಲ್ಲಿ ನೆನೆದು ಬಂದು ಒರೆಸದೆ ನಿಲ್ಲಿಸಿದರೆ ಹೊರ ಪ್ಲೇಟ್‌ಗಳ ಅಂಚಲ್ಲಿ ಕೆಂಪಗೆ ತುಕ್ಕಿನ ಗೆರೆ ಕಾಣುತ್ತಿತ್ತು. ಕವರ್ ಒಳಗೆ ಇದ್ದದ್ದು ಬೂದು ಬಣ್ಣದ ಒಣ ಪುಡಿ, ತಟ್ಟಿದರೆ ಉದುರಿತು.

ಗೇರ್ ಆಯಿಲ್

ಹಳೇ ಕಾಲದ್ದು ಅಂತ ಕೆಲವರು ಮೂಗು ಮುರಿಯುತ್ತಾರೆ. ಆದರೆ ಬೈಕಿನ ಜೊತೆ ಕೊಡುವ ಪುಸ್ತಕ ತೆಗೆದು ನೋಡಿ. ಎಷ್ಟೋ ಕಂಪನಿಗಳು ಚೈನ್‌ಗೆ ಎಸ್‌ಎಇ 80 ಅಥವಾ 90 ಗೇರ್ ಆಯಿಲ್ ಹಾಕಿ ಅಂತ ಬರೆದಿವೆ.

ಇದು ಸಿಡಿಯುತ್ತೆ. ಹಿಂದಿನ ರಿಮ್, ನಂಬರ್ ಪ್ಲೇಟ್, ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಕೆಳಗೆ, ಎಲ್ಲ ಕಡೆ ಚುಕ್ಕೆ. ನನಗೆ ಈ ಸಿಡಿಯುವ ಗುಣವೇ ಇಷ್ಟವಾಯಿತು. ಸಿಡಿಯುವ ಎಣ್ಣೆ ಸುಮ್ನೆ ಹೋಗಲ್ಲ, ಚೈನ್ ಮೇಲಿನ ಕೊಳೆಯನ್ನೂ ಹೊತ್ತುಕೊಂಡು ಹೋಗುತ್ತೆ. ಗೇರ್ ಆಯಿಲ್ ವರ್ಷದಲ್ಲೂ ಸ್ಪ್ರಾಕೆಟ್ ಕವರ್ ಒಳಗೆ ಕಪ್ಪಗೇ ಇತ್ತು, ಆದರೆ ಒದ್ದೆಯಾಗಿತ್ತು. ಹಳೇ ಬನಿಯನ್ ತುಂಡಲ್ಲಿ ಎರಡು ಸಲ ಒರೆಸಿದರೆ ಲೋಹ ಕಂಡಿತು. ಚೈನ್ ಒರೆಸುವುದೂ ಅಷ್ಟೇ ಸುಲಭ. ಸುಲಭ ಇದ್ದ ಕಾರಣ ಆ ಸೀಸನ್‌ನಲ್ಲಿ ನಾನು ಜಾಸ್ತಿ ಸಲ ಒರೆಸಿದೆ. ನನ್ನ ಪ್ರಕಾರ ಗೇರ್ ಆಯಿಲ್ ಗೆಲ್ಲೋದು ಇಲ್ಲೇ. ತೊಳೆಯಲು ಕಷ್ಟವಾದ ಲ್ಯೂಬ್ ಹಾಕಿದವರು ತೊಳೆಯೋದನ್ನೇ ಮುಂದೂಡುತ್ತಾರೆ.

ಹಾಕುವ ಕ್ರಮ ಹೀಗೆ. ಬೈಕನ್ನು ಸ್ಟ್ಯಾಂಡ್ ಮೇಲೆ ಎತ್ತಿ, ಎಂಜಿನ್ ಆಫ್ ಮಾಡಿ, ನ್ಯೂಟ್ರಲ್‌ನಲ್ಲಿಟ್ಟು, ಚಕ್ರವನ್ನು ಕೈಯಲ್ಲೇ ತಿರುಗಿಸಿ. ಎಂಜಿನ್ ಚಾಲೂ ಮಾಡಿ ಗೇರ್ ಹಾಕಿ ತಿರುಗಿಸುವವರನ್ನು ನೋಡಿದರೆ ನನಗೆ ಎದೆ ಝಲ್ಲೆನ್ನುತ್ತೆ. ಬಟ್ಟೆ ಸಿಕ್ಕಿಕೊಂಡರೆ ಅದರ ಹಿಂದೆ ಬೆರಳೂ ಹೋಗುತ್ತೆ. ದಯವಿಟ್ಟು ಹಾಗೆ ಮಾಡಬೇಡಿ. ಎಣ್ಣೆಯನ್ನು ಕೆಳಗಿನ ಸಾಲಿನ ಒಳಬದಿಗೆ ಬಿಡಿ. ಚೈನ್ ತಿರುಗುವಾಗ ಅದು ತಾನಾಗೇ ಹೊರಗೆ ಹರಡುತ್ತೆ. ಹತ್ತು ನಿಮಿಷ ಬಿಟ್ಟು ಹೆಚ್ಚಾದದ್ದನ್ನು ಒರೆಸಿಬಿಡಿ. ಆಮೇಲೆ ಸಿಡಿಯೋದೂ ಅರ್ಧಕ್ಕರ್ಧ ಕಮ್ಮಿ.

ತೊಳೆಯಲು ಮೂರಕ್ಕೂ ಸೀಮೆಎಣ್ಣೆಯೇ ಸಾಕು. ಮೆತ್ತನೆ ಬ್ರಷ್ ಇರಲಿ. ಪೆಟ್ರೋಲ್ ಬೇಡ, ಅದರಿಂದ ರಬ್ಬರ್ ರಿಂಗ್ ಊದಿಕೊಂಡು ಹಾಳಾಗುತ್ತೆ. ತಂತಿ ಬ್ರಷ್ ಕೂಡ ಬೇಡ.

ಚೈನ್ ಯಾವುದರಲ್ಲಿ ಜಾಸ್ತಿ ಬಾಳಿತು ಅಂತ ಕೇಳಿದರೆ ನಾನು ಸಂಖ್ಯೆ ಹೇಳಲ್ಲ. ಹೊಸ ಚೈನ್ ಮೊದಮೊದಲು ಸವೆಯುವ ರೀತಿಯೇ ಬೇರೆ, ಹಳೆಯದ್ದು ಸವೆಯುವ ರೀತಿಯೇ ಬೇರೆ. ಒಂದೊಂದು ಸೀಸನ್ ಇಟ್ಟುಕೊಂಡು ಆ ಹೋಲಿಕೆ ಮಾಡೋದು ನ್ಯಾಯವಲ್ಲ. ಆದರೆ ಚಳಿಗಾಲದಲ್ಲಿ ಅಳತೆ ಮಾತ್ರ ತಪ್ಪದೆ ಹಿಡಿಯುತ್ತೇನೆ. 520, 525, 530 ಅನ್ನುವ ಅಳತೆಯ ಚೈನ್‌ಗಳಲ್ಲಿ ಒಂದು ಪಿನ್ನಿಂದ ಇನ್ನೊಂದಕ್ಕೆ 15.875 ಮಿಲಿಮೀಟರ್. ಚೈನನ್ನು ಬಿಗಿಯಾಗಿ ಎಳೆದು ಹಿಡಿದು, 21 ಪಿನ್ ಎಣಿಸಿ, ಮೊದಲ ಪಿನ್ನಿನ ಮಧ್ಯದಿಂದ ಕೊನೆಯದರ ಮಧ್ಯಕ್ಕೆ ಅಳೆದರೆ ಹೊಸತರಲ್ಲಿ 317.5 ಬರಬೇಕು. 323ರ ಹತ್ತಿರ ಬಂದರೆ ಚೈನ್ ಬದಲಿಸುವ ಕಾಲ ಬಂತು ಅಂತಲೇ ಲೆಕ್ಕ. ಚೈನ್ ಎಳೆದುಕೊಂಡಿದೆ ಅಂತೀವಲ್ಲ, ಅಲ್ಲಿ ಲೋಹ ಹಿಗ್ಗಿರಲ್ಲ. ಪಿನ್ನು, ಬುಷ್‌ಗಳು ಒಳಗೊಳಗೇ ಸವೆದು ಉದ್ದ ಕೂಡಿರುತ್ತೆ. ಎರಡು ಮೂರು ಜಾಗದಲ್ಲಿ ಅಳೆಯಿರಿ, ಎಲ್ಲ ಕಡೆ ಒಂದೇ ತರ ಸವೆದಿರಲ್ಲ. ಸ್ಪ್ರಾಕೆಟ್ ಹಲ್ಲು ಒಂದು ಬದಿಗೆ ಕೊಕ್ಕೆಯಂತೆ ಬಾಗಿದ್ದರೆ ಚೈನ್, ಎರಡೂ ಸ್ಪ್ರಾಕೆಟ್ ಒಟ್ಟಿಗೇ ಬದಲಿಸಬೇಕು. ಹಳೇ ಹಲ್ಲಿನ ಮೇಲೆ ಹೊಸ ಚೈನ್ ಕೂರಿಸಿದರೆ ಅದೂ ಬೇಗ ಹೋಗುತ್ತೆ.

ಬೈಕ್ ನಿಲ್ಲಿಸುವಾಗ

ಇಲ್ಲಿ ಲೆಕ್ಕ ತಲೆಕೆಳಗು. ತಿಂಗಳುಗಟ್ಟಲೆ ನಿಂತರೆ ಗೇರ್ ಆಯಿಲ್ ನಿಧಾನಕ್ಕೆ ಜಾರಿ ನೆಲಕ್ಕೆ ತೊಟ್ಟಿಕ್ಕುತ್ತೆ. ಮೇಲಿನ ಸಾಲಿನ ಪ್ಲೇಟ್‌ಗಳು ಬೆತ್ತಲಾಗುತ್ತವೆ, ಚಳಿಗಾಲದ ತೇವಕ್ಕೆ ಅಷ್ಟು ಸಾಕು. ಅಂಟು ಸ್ಪ್ರೇ ಜಾರಲ್ಲ. ನಿಂತ ಬೈಕಿಗೆ ಧೂಳಿನ ಕಾಟವೂ ಇಲ್ಲ. ಹಾಗಾಗಿ ಕೊನೇ ರೈಡ್ ಮುಗಿದ ಮೇಲೆ ಸೀಮೆಎಣ್ಣೆಯಲ್ಲಿ ತೊಳೆದು, ಪೂರ್ತಿ ಒಣಗಿಸಿ, ಸ್ಪ್ರೇ ಹೊಡೆದು ಇಡುತ್ತೇನೆ. ಹಾಗಿಟ್ಟ ಚೈನ್‌ನಲ್ಲಿ ತುಕ್ಕಿನ ಗುರುತೇ ಕಂಡಿಲ್ಲ.

ಸೀಸನ್ ಶುರುವಾಗುವಾಗ ಆ ಸ್ಪ್ರೇ ತೆಗೆದು ಮತ್ತೆ ಗೇರ್ ಆಯಿಲ್ ಹಾಕುತ್ತೇನೆ. ಬಿಚ್ಚಿದ ಚಕ್ರ ಕೂರಿಸುವಾಗ ಚೈನ್ ಎಷ್ಟು ಸಡಿಲ ಇರಬೇಕು ಅನ್ನೋದಕ್ಕೆ ಸ್ವಿಂಗ್‌ಆರ್ಮ್ ಮೇಲಿನ ಸ್ಟಿಕ್ಕರ್ ನೋಡಿ, ಬಾಯಿಮಾತು ನಂಬಬೇಡಿ. ಆಕ್ಸಲ್ ನಟ್ಟಿಗೆ ಸ್ಪ್ಲಿಟ್ ಪಿನ್ (ನಟ್ಟು ಬಿಚ್ಚಿಕೊಳ್ಳದಂತೆ ತಡೆಯುವ ಕವಲು ಪಿನ್) ಇದ್ದರೆ ಹೊಸದನ್ನೇ ಹಾಕಿ. ಚೈನಿನ ಎರಡು ತುದಿ ಜೋಡಿಸಿರುವುದು ಕ್ಲಿಪ್ ಇರುವ ಲಿಂಕ್ ಆದರೆ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೇ ಇರಬೇಕು. ಮೊದಲ ರೈಡ್ ಮುಗಿಸಿ ಬಂದ ಮೇಲೆ ಸಡಿಲವನ್ನು ಇನ್ನೊಮ್ಮೆ ನೋಡಿ, ರಿಮ್ ಮೇಲಿನ ಚುಕ್ಕೆಗಳನ್ನು ಆಗಲೇ ಒರೆಸಿಬಿಡಿ. ಒಣಗಲು ಬಿಟ್ಟರೆ ಜಾಸ್ತಿ ಉಜ್ಜಬೇಕಾಗುತ್ತೆ.