ಲಿಪೊ ಪ್ಯಾಕ್ ಮೇಲಿನ ‘ಸಿ’ ಎಷ್ಟು ನಿಜ? ಮೂರು ಪ್ಯಾಕ್, ನಾಲ್ಕು ಹೆಡ್‌ಲೈಟ್ ಬಲ್ಬ್

ಮೂರೂ 3ಎಸ್ (ಸಾಲಾಗಿ ಜೋಡಿಸಿದ ಮೂರು ಸೆಲ್), 2200 ಎಂಎಎಚ್ ಲಿಪೊ, ಅಂದರೆ ಲಿಥಿಯಂ ಪಾಲಿಮರ್ ಬ್ಯಾಟರಿ ಪ್ಯಾಕ್‌ಗಳು. ಸಿ ಎಂದರೆ ಪ್ಯಾಕ್ ತನ್ನ ಆಂಪಿಯರ್-ಅವರ್ ಅಂಕಿಯ ಎಷ್ಟು ಪಟ್ಟು ಆಂಪಿಯರ್ ಕೊಡಬಲ್ಲದು ಎಂಬ ಲೆಕ್ಕ. ನೀಲಿಯ ಮೇಲೆ 25ಸಿ, ಹಳದಿಯ ಮೇಲೆ 35ಸಿ, ಕಪ್ಪಿನ ಮೇಲೆ 60ಸಿ. 2.2 ಆಂಪಿಯರ್-ಅವರ್‌ಗೆ ಗುಣಿಸಿದರೆ 55, 77, 132 ಆಂಪಿಯರ್. ಕಪ್ಪಿನ ಲೆಕ್ಕ ನಂಬುವುದಾದರೆ ಅದರ ಎಕ್ಸ್‌ಟಿ60 ಕನೆಕ್ಟರೇ ಮೊದಲು ಕರಗಬೇಕು. ಆ ಕನೆಕ್ಟರ್ ಇರುವುದೇ 60 ಆಂಪಿಯರ್‌ಗೆ.

ನಿಜ ತಿಳಿಯಲು ಪ್ಯಾಕಿನಿಂದ ಕರೆಂಟ್ ಎಳೆದು ಪ್ರತಿ ಸೆಲ್‌ನ ಒಳರೋಧ ಅಳೆಯಬೇಕು. ಲೋಡ್‌ಗೆ ಗ್ಯಾರೇಜಿನಲ್ಲಿ ಸಿಗುವ 60/55 ವ್ಯಾಟ್‌ನ ಎಚ್4 ಬಲ್ಬ್ ಸಾಕು. ಎರಡೂ ಫಿಲಮೆಂಟ್ ಉರಿಸಿದರೆ 12 ವೋಲ್ಟ್‌ಗೆ ಒಂದು ಬಲ್ಬ್ ಸುಮಾರು 9.5 ಆಂಪಿಯರ್ ಎಳೆಯುತ್ತದೆ. ತಣ್ಣಗಿನ ಫಿಲಮೆಂಟ್ ಕ್ಷಣಕಾಲ ಹಲವು ಪಟ್ಟು ಹೆಚ್ಚು ಎಳೆಯುವುದರಿಂದ ಬಲ್ಬ್‌ಗಳನ್ನು ಒಂದೊಂದಾಗಿ ಹಚ್ಚಿ. ಪರೀಕ್ಷೆ ಅಂಗಳದಲ್ಲಿ, ಚಿರೆಕಲ್ಲಿನ ಮೇಲೆ, ಪಕ್ಕದಲ್ಲೊಂದು ಬಕೆಟ್ ಒಣ ಮರಳು. ಅಡಿಕೆ ಸಿಪ್ಪೆಯ ರಾಶಿ ಹತ್ತಿರ ಬೇಡವೇ ಬೇಡ.

ಒಂದು ಬಲ್ಬ್ 10 ಸೆಕೆಂಡ್, ಆಮೇಲೆ ಮೂರು ಬಲ್ಬ್ 10 ಸೆಕೆಂಡ್. ಪ್ರತಿ ಸೆಲ್‌ನ ವೋಲ್ಟೇಜನ್ನು ಬ್ಯಾಲೆನ್ಸ್ ಪ್ಲಗ್‌ನಲ್ಲೇ (ಪ್ರತಿ ಸೆಲ್‌ನಿಂದ ಬರುವ ಸಣ್ಣ ವೈರುಗಳ ಪ್ಲಗ್) ಅಳೆಯಿರಿ. ದಪ್ಪ ವೈರಿನಲ್ಲಿ ಅಳೆದರೆ ಕನೆಕ್ಟರಿನ ರೋಧವೂ ಸೇರಿಬಿಡುತ್ತದೆ. ಕಾರವಾರದ ಉಪ್ಪುಗಾಳಿಗೆ ಹಸಿರು ಹಿಡಿದ ಕನೆಕ್ಟರ್ ಇದ್ದರಂತೂ ಕೇಳುವುದೇ ಬೇಡ. ಮೀಟರ್ 0.001 ವೋಲ್ಟ್ ತೋರಿಸಬೇಕು. 0.01 ತೋರಿಸುವ ಮೀಟರಿನಲ್ಲಿ ಅರ್ಧ ಮಿಲಿಓಂ ಆಚೀಚೆ ಆಗುತ್ತದೆ. ವೋಲ್ಟೇಜ್ ಕುಸಿತವನ್ನು ಕರೆಂಟಿನ ಏರಿಕೆಯಿಂದ ಭಾಗಿಸಿ: 19 ಆಂಪಿಯರ್ ಏರಿದಾಗ 0.144 ವೋಲ್ಟ್ ಇಳಿದರೆ ಆ ಸೆಲ್‌ನ ರೋಧ 7.6 ಮಿಲಿಓಂ.

ಸೆಲ್‌ಗಳ ಸರಾಸರಿ ರೋಧ ನೀಲಿಗೆ 6.1 ಮಿಲಿಓಂ, ಕಪ್ಪಿಗೆ 5.8, ಹಳದಿಗೆ 3.4. ಆದರೆ ಸರಾಸರಿ ಮೋಸ ಮಾಡುತ್ತದೆ. ಕಪ್ಪಿನ ಎರಡು ಸೆಲ್ 4.9 ಇದ್ದವು, ಮೂರನೆಯದು ಆ 7.6ರದ್ದು. ಸೆಲ್‌ನೊಳಗೆ ಹುಟ್ಟುವ ಶಾಖ ಆಂಪಿಯರ್-ಅವರ್‌ಗೆ 2.5 ವ್ಯಾಟ್ ಮೀರಬಾರದು ಎಂಬ ಅಂದಾಜು ನಮ್ಮದು; ಇಲ್ಲಿ ಅದು 5.5 ವ್ಯಾಟ್. ಅದನ್ನು ರೋಧದಿಂದ ಭಾಗಿಸಿ ವರ್ಗಮೂಲ ತೆಗೆದರೆ ನೀಲಿಗೆ 30 ಆಂಪಿಯರ್, ಹಳದಿಗೆ 40. ಕಪ್ಪಿನ ದುರ್ಬಲ ಸೆಲ್‌ಗೆ ಬರೀ 27, ಅಂದರೆ 12ಸಿ. ಅರವತ್ತರದ್ದು ಇಪ್ಪತ್ತೈದರದ್ದಕ್ಕಿಂತ ಕೆಳಗೆ!

ನಾಲ್ಕು ಬಲ್ಬಿನ ಲೋಡ್‌ನಲ್ಲೂ ಇದೇ ಕಂಡಿತು. ಒಂದು ನಿಮಿಷಕ್ಕೆ ಹಳದಿ 11.3 ವೋಲ್ಟ್, ಉಳಿದೆರಡು 10.8ರ ಆಸುಪಾಸು. ಕಪ್ಪಿನ ದುರ್ಬಲ ಸೆಲ್ ಎಲ್ಲಕ್ಕಿಂತ ಮೊದಲು 3.3ಕ್ಕೆ ಇಳಿಯಿತು. ಯಾವ ಸೆಲ್ 3.3 ಮುಟ್ಟಿದರೂ, ಪ್ಯಾಕಿನ ಮೈ 60 ಡಿಗ್ರಿ ಆದರೂ ಅಲ್ಲಿಗೇ ನಿಲ್ಲಿಸಿ.

ತೂಕವೂ ಸುಳ್ಳು ಹೇಳದು: ನೀಲಿ 178 ಗ್ರಾಂ, ಕಪ್ಪು 181, ಹಳದಿ 203. ಕಡಿಮೆ ರೋಧದ ಸೆಲ್‌ಗೆ ತಾಮ್ರ, ಅಲ್ಯೂಮಿನಿಯಂ ಹಾಳೆ ಹೆಚ್ಚು ಬೇಕು. ಭಾರ ಏರದೆ ಸಿ ಮಾತ್ರ ಏರಿದ್ದರೆ ಅನುಮಾನಿಸಿ.

ಸೆಲ್ ಬಿಸಿಯಾದಷ್ಟೂ ಅದರ ರೋಧ ಇಳಿಯುತ್ತದೆ. ಹಾಗಾಗಿ ಶಿರಸಿಯ ಜುಲೈ ಬೆಳಗಿನ ಅಳತೆಯನ್ನು ಕಾರವಾರದ ಏಪ್ರಿಲ್ ಮಧ್ಯಾಹ್ನದ್ದಕ್ಕೆ ಹೋಲಿಸಬೇಡಿ. ಮೂರನ್ನೂ ಒಂದೇ ಕೋಣೆಯಲ್ಲಿ ಎರಡು ತಾಸು ಇಟ್ಟು, ಒಂದೇ ಮಟ್ಟದ ಚಾರ್ಜಿನಲ್ಲಿ ಅಳೆಯಬೇಕು. ನಮ್ಮದು 28 ಡಿಗ್ರಿ.

ತೋಟಕ್ಕೆ ಬೋರ್ಡೋ ಹೊಡೆಯುವ 10 ಲೀಟರ್ ಡ್ರೋನ್ ಸಾಮಾನ್ಯವಾಗಿ ಕೇಳುವುದು ಐದಾರು ಸಿ ಅಷ್ಟೇ. ಅದಕ್ಕೆ ಹೆಚ್ಚಿನ ಸಿ ನೋಡಿ ದುಡ್ಡು ಸುರಿಯುವುದಕ್ಕಿಂತ, ಪ್ರತಿ ಸೆಲ್‌ನ ರೋಧ ಹೊಸದಿದ್ದಾಗಲೇ ಬರೆದಿಟ್ಟು ಪ್ರತಿ ಮಳೆಗಾಲಕ್ಕೆ ಮುಂಚೆ ತಾಳೆ ನೋಡುವುದು ಲೇಸು.