ಜಾಝ್‌ಗೂ ಬ್ಲೂಸ್‌ಗೂ ಒಂದೇ ಗಿಟಾರ್ ಸಾಕಾ? ಟೆಲಿಕಾಸ್ಟರ್ ಮಾದರಿಯನ್ನು ವರ್ಷಗಟ್ಟಲೆ ಬಳಸಿದ ಮೇಲೆ

ಜಾಝ್ ಅಂದ ಕೂಡಲೇ ಒಳಗೆ ಟೊಳ್ಳಿರುವ ದಪ್ಪ ಗಿಟಾರೇ ಬೇಕು ಅನ್ನುವವರು ಬಹಳ ಜನ. ನಾನು ಒಪ್ಪುವುದಿಲ್ಲ. ಟೆಲಿಕಾಸ್ಟರ್ ಮಾದರಿಯ ಒಂದು ಸಾಲಿಡ್ ಬಾಡಿ, ಅಂದರೆ ಟೊಳ್ಳಿಲ್ಲದ ಗಟ್ಟಿ ಮರದ, ಎಲೆಕ್ಟ್ರಿಕ್ ಗಿಟಾರನ್ನು ವರ್ಷಗಳಿಂದ ಜಾಝ್, ಬ್ಲೂಸ್ ಎರಡಕ್ಕೂ ಬಳಸುತ್ತಿದ್ದೇನೆ. ಆಲ್ಡರ್ ಮರದ ಬಾಡಿ, ಬೋಲ್ಟ್ ಹಾಕಿ ಕೂರಿಸಿದ ಮೇಪಲ್ ನೆಕ್, ಎರಡು ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನವನ್ನು ಹಿಡಿದು ಆಂಪ್‌ಗೆ ಕಳಿಸುವ ಸುರುಳಿ; ನೆಕ್ ಕಡೆ ಒಂದು, ಬ್ರಿಡ್ಜ್ ಕಡೆ ಒಂದು), ಒಂದು ವಾಲ್ಯೂಮ್, ಒಂದು ಟೋನ್, ಮೂರು ಕಡೆ ಹೊರಳುವ ಸ್ವಿಚ್. ಇನ್ನೇನೂ ಇಲ್ಲ. ಹಂಬಕರ್ (‘ಗುಂಯ್’ ಸದ್ದು ತಗ್ಗಿಸುವ ಎರಡು ಸುರುಳಿಯ ಪಿಕಪ್) ಇರುವ ಲೆಸ್ ಪಾಲ್ ಮಾದರಿಯದ್ದೂ ಒಂದು ಕೈಲಿದೆ, ಹೋಲಿಸೋಕೆ ಅದನ್ನೂ ಆಗಾಗ ಎಳೆದು ತರುತ್ತೇನೆ.

ಈ ಗಿಟಾರಿನ ಜಾಝ್ ಎಲ್ಲ ಇರುವುದು ನೆಕ್ ಪಿಕಪ್‌ನಲ್ಲಿ. ಚಿಕ್ಕ ಪಿಕಪ್, ಮೇಲೆ ಲೋಹದ ಮುಚ್ಚಳ. ಆ ಮುಚ್ಚಳ ಟ್ರೆಬಲ್‌ನ ತುದಿಯನ್ನು ಸ್ವಲ್ಪ ನುಂಗುತ್ತದೆ. ಜೊತೆಗೆ ಅದು ಕೂತಿರುವ ಜಾಗದಲ್ಲಿ ತಂತಿ ಅಗಲವಾಗಿ ಆಡುತ್ತದೆ, ಹಾಗಾಗಿ ಮೂಲ ಸ್ವರ ಜೋರಾಗಿ ಕೇಳುತ್ತದೆ, ಮೇಲಿನ ಹಾರ್ಮೋನಿಕ್ಸ್ ಹಿಂದೆ ಸರಿಯುತ್ತವೆ. ಟೋನ್ ನಾಬ್ ಪೂರ್ತಿ ಮುಚ್ಚಿದರೆ ಜಾಝ್ ಬಂತು ಅಂತ ಸುಮ್ನೆ ಹೇಳುತ್ತಾರೆ. ಬರುವುದು ಕಂಬಳಿ ಹೊದ್ದ ಸದ್ದು. ನಾನು ಟೋನ್ ಅನ್ನು 5ರ ಆಸುಪಾಸು, ವಾಲ್ಯೂಮ್ ಅನ್ನು 7ರ ಹತ್ತಿರ ಇಡುತ್ತೇನೆ. ವಾಲ್ಯೂಮ್ ಇಳಿಸಿದರೆ ಕೇಬಲ್‌ನ ಕೆಪಾಸಿಟೆನ್ಸ್ ಸೇರಿಕೊಂಡು ಟ್ರೆಬಲ್ ತಾನಾಗಿ ತಗ್ಗುತ್ತದೆ. ಆದರೂ ಪಿಕ್ ತಂತಿಗೆ ತಾಗುವ ಆ ಸಣ್ಣ ‘ಟಕ್’ ಉಳಿಯುತ್ತದೆ. ಅದು ಹೋದರೆ ವೇಗದ ಲೈನ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಒಂದು ಮಾತು: ಗಿಟಾರಿನಲ್ಲಿ ಟ್ರೆಬಲ್ ಬ್ಲೀಡ್ ಅನ್ನುವ ಚಿಕ್ಕ ಸರ್ಕ್ಯೂಟ್ ಹಾಕಿಸಿದ್ದರೆ ಈ ಉಪಾಯ ನಡೆಯುವುದಿಲ್ಲ, ಅದರ ಕೆಲಸವೇ ಟ್ರೆಬಲ್ ಇಳಿಯದಂತೆ ನೋಡಿಕೊಳ್ಳುವುದು.

ಕಿವಿ ನಂಬದಿದ್ದರೆ ಕೆನಡಾದ ಜಾಝ್ ಗಿಟಾರ್ ವಾದಕ ಎಡ್ ಬಿಕರ್ಟ್ ನುಡಿಸಿದ್ದನ್ನು ಕೇಳಿ. 1970ರ ದಶಕದಲ್ಲಿ ಸ್ಯಾಕ್ಸೋಫೋನ್ ವಾದಕ ಪಾಲ್ ಡೆಸ್ಮಂಡ್ ಜೊತೆ ಅವರು ನುಡಿಸಿದ್ದು ಟೆಲಿಕಾಸ್ಟರನ್ನೇ. ಕಣ್ಣು ಮುಚ್ಚಿ ಕೇಳಿದರೆ ದೊಡ್ಡ ಹಾಲೋ ಬಾಡಿ ಅಂತಲೇ ಅನಿಸುತ್ತದೆ. ಟೆಡ್ ಗ್ರೀನ್ ಒಬ್ಬರೇ ಕೂತು ಇಡೀ ಹಾಡನ್ನು ಕಾರ್ಡ್‌ಗಳಲ್ಲೇ ಕಟ್ಟುತ್ತಿದ್ದದ್ದೂ ಹೆಚ್ಚಾಗಿ ಇದೇ ಗಿಟಾರಿನಲ್ಲಿ.

ಈಗ ತಂತಿ. ನನ್ನ ಪ್ರಕಾರ ಇಲ್ಲಿರುವುದು ಮರ, ಪಿಕಪ್ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಅದರಲ್ಲೂ ಮೂರನೇ ತಂತಿ. ಜಾಝ್‌ನವರು ಇಷ್ಟಪಡುವ ಫ್ಲಾಟ್‌ವೌಂಡ್ (ಚಪ್ಪಟೆ ಸುತ್ತಿನ ನುಣುಪು ತಂತಿಯ) ಸೆಟ್‌ಗಳಲ್ಲಿ ಮೂರನೇ ತಂತಿ ಸುತ್ತು ಹಾಕಿದ್ದಾಗಿರುತ್ತದೆ. ಕಾರ್ಡ್ ಹಿಡಿದಾಗ ಆ ಸ್ವರ ಪಕ್ಕದವುಗಳ ಜೊತೆ ಚೆನ್ನಾಗಿ ಬೆರೆಯುತ್ತದೆ, ಒಂಟಿಯಾಗಿ ಎದ್ದು ಕಿರುಚುವುದಿಲ್ಲ. ಆದರೆ ಬ್ಲೂಸ್‌ಗೆ ಬಂದರೆ ಮೂರನೇ ತಂತಿಯನ್ನು ಒಂದು ಪೂರ್ತಿ ಸ್ವರ ಮೇಲಕ್ಕೆ ಎಳೆಯಬೇಕು. ಸುತ್ತಿನ ತಂತಿ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ, ಬೆರಳು ಸೋಲುತ್ತದೆ, ಶ್ರುತಿ ಅರ್ಧಕ್ಕೇ ನಿಂತುಬಿಡುತ್ತದೆ. ಎರಡೂ ಬೇಕು ಅನ್ನುವವರು ಇಲ್ಲೊಂದು ರಾಜಿ ಮಾಡಿಕೊಳ್ಳಲೇಬೇಕು. ಫ್ಲಾಟ್‌ವೌಂಡ್ ಹಾಕಿದ ತಿಂಗಳುಗಳಲ್ಲಿ ಬ್ಲೂಸ್ ನುಡಿಸುವುದೇ ಕಡಿಮೆಯಾಯಿತು. ಈಗ ಇರುವುದು 11ರ (ಅತಿ ತೆಳು ತಂತಿ 0.011 ಇಂಚು) ಪ್ಯೂರ್ ನಿಕಲ್ ರೌಂಡ್‌ವೌಂಡ್ (ದುಂಡು ಸುತ್ತಿನದು), ಮೂರನೆಯದು ಪ್ಲೇನ್, ಅಂದರೆ ಸುತ್ತಿಲ್ಲದ್ದು. ಹೊಸದರಲ್ಲಿ ಸ್ವಲ್ಪ ಝಣ ಝಣ ಅನ್ನುತ್ತದೆ, ಒಂದೆರಡು ವಾರ ಬಿಟ್ಟರೆ ಹದಕ್ಕೆ ಬರುತ್ತದೆ.

ಪ್ಲೇನ್ ತಂತಿ ಹಾಕಿದ ಮೇಲೆ ಇನ್ನೊಂದು ತಕರಾರು ಶುರುವಾಯಿತು. ಹಳೇ ವಿನ್ಯಾಸದ ಬ್ರಿಡ್ಜ್‌ನಲ್ಲಿ ಆರು ತಂತಿಗೆ ಮೂರೇ ಸ್ಯಾಡಲ್ (ತಂತಿ ಕೂರುವ, ಹಿಂದೆ ಮುಂದೆ ಸರಿಸಿ ಅದರ ಉದ್ದ ಹೊಂದಿಸುವ ತುಂಡು). ಮೂರನೇ ಮತ್ತು ನಾಲ್ಕನೇ ತಂತಿ ಒಂದೇ ಸ್ಯಾಡಲ್ ಮೇಲೆ ಕೂರುತ್ತವೆ. ಶ್ರುತಿ ಸರಿಯಿರಬೇಕಾದರೆ ಪ್ಲೇನ್ ತಂತಿಗೆ ಸ್ಯಾಡಲ್ ಜಾಸ್ತಿ ಹಿಂದೆ ಬೇಕು, ಸುತ್ತಿನ ನಾಲ್ಕನೇ ತಂತಿಗೆ ಅಷ್ಟು ಬೇಡ. ಒಂದನ್ನು ಸರಿ ಮಾಡಿದರೆ ಇನ್ನೊಂದು ಕೆಡುತ್ತದೆ. ರಾಕ್ ನುಡಿಸುವವರಿಗೆ ಇದು ಅಷ್ಟಾಗಿ ತಟ್ಟುವುದಿಲ್ಲ. ಜಾಝ್‌ನಲ್ಲಿ ತಟ್ಟುತ್ತದೆ. ಜಿ ಸೆವೆನ್ ಅನ್ನು ಮೂರೇ ಸ್ವರದಲ್ಲಿ ಹಿಡಿಯಿರಿ: ಆರನೇ ತಂತಿ ಮೂರನೇ ಫ್ರೆಟ್, ನಾಲ್ಕನೇ ತಂತಿ ಮೂರನೇ ಫ್ರೆಟ್, ಮೂರನೇ ತಂತಿ ನಾಲ್ಕನೇ ಫ್ರೆಟ್. ಕಾರ್ಡಿನ ಬಣ್ಣ ಹೇಳುವ ಎರಡು ಸ್ವರ, ಅಂದರೆ ಏಳನೆಯದು ಮತ್ತು ಮೂರನೆಯದು, ಸರಿಯಾಗಿ ಆ ಜಗಳದ ಜೋಡಿಯ ಮೇಲೇ ಬೀಳುತ್ತವೆ. ನೆಕ್‌ನಲ್ಲಿ ಮೇಲಕ್ಕೆ ಹೋದಷ್ಟೂ ಅಪಶ್ರುತಿ ಎದ್ದು ಕಾಣುತ್ತದೆ. ಓರೆಯಾಗಿ ಕೊರೆದ ಸ್ಯಾಡಲ್‌ಗಳು ಸಿಗುತ್ತವೆ, ಎರಡೂ ತಂತಿಗೆ ಬೇರೆ ಬೇರೆ ಉದ್ದ ಕೊಡುತ್ತವೆ. ಅವನ್ನು ಹಾಕಿದ ಮೇಲೆ ಕಿರಿಕಿರಿ ಮುಗಿಯಿತು. ಈ ಗಿಟಾರಿಗೆ ನಾನು ಮಾಡಿದ ಬದಲಾವಣೆಗಳಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ.

ಹಾಲೋ ಬಾಡಿಯಿಂದ ನಿಜಕ್ಕೂ ಬೇರೆಯಾಗುವುದು ಸ್ವರ ಆರುವ ರೀತಿಯಲ್ಲಿ. ಟೊಳ್ಳು ಗಿಟಾರಿನ ಮೇಲ್ಹಲಗೆ ತಂತಿಯ ಶಕ್ತಿಯನ್ನು ಬೇಗ ಹೀರಿ ಸದ್ದಾಗಿ ಉಗುಳುತ್ತದೆ. ‘ದುಮ್’ ಅಂತ ಎದ್ದು ಬೇಗ ಇಳಿಯುತ್ತದೆ. ಗಟ್ಟಿ ಮರ ಹಾಗೆ ಹೀರುವುದಿಲ್ಲ, ಸ್ವರ ನಿಂತೇ ಇರುತ್ತದೆ. ಬ್ಲೂಸ್‌ನ ಒಂದು ಉದ್ದ ಬೆಂಡ್‌ಗೆ ಇದು ವರ. ಜಾಝ್‌ನಲ್ಲಿ ಬೇರೆಯವರ ಸೋಲೋ ಹಿಂದೆ ಕಾರ್ಡ್ ಹಾಕುವಾಗ ತೊಂದರೆ. ಎಡಗೈ ಬೆರಳನ್ನು ಸಮಯಕ್ಕೆ ಸರಿಯಾಗಿ ಸಡಿಲಿಸಿ ಸದ್ದನ್ನು ನೀವೇ ಕತ್ತರಿಸಬೇಕು. ಬ್ರಿಡ್ಜ್ ಹತ್ತಿರ ತಂತಿ ಕೆಳಗೆ ಸ್ಪಂಜ್ ಸಿಕ್ಕಿಸಿ ನೋಡಿದೆ, ಮೇಲಿನ ಸ್ವರಗಳೂ ಸತ್ತುಹೋದವು, ತೆಗೆದುಬಿಟ್ಟೆ. ಇನ್ನು ಕೌಂಟ್ ಬೇಸಿ ತಂಡದಲ್ಲಿ ಫ್ರೆಡ್ಡಿ ಗ್ರೀನ್ ಹಾಕುತ್ತಿದ್ದ ಆ ನಾಲ್ಕು ಹೊಡೆತದ ‘ಚಕ್ ಚಕ್’ ಇದೆಯಲ್ಲ, ಅದನ್ನು ಇದರಿಂದ ನಿರೀಕ್ಷಿಸಬೇಡಿ. ಅದು ಆರ್ಚ್‌ಟಾಪ್ ಅಕೂಸ್ಟಿಕ್‌ನ (ಮೇಲ್ಹಲಗೆ ಉಬ್ಬಿರುವ ಟೊಳ್ಳು ಗಿಟಾರಿನ) ಸೊತ್ತು. ಆದರೆ ಡ್ರಮ್ಸ್ ಪಕ್ಕದಲ್ಲಿ ಆಂಪ್ ಜೋರು ಮಾಡಿದಾಗ ಟೊಳ್ಳು ಗಿಟಾರ್ ಊಳಿಡಲು ಶುರುಮಾಡುತ್ತದೆ, ಇದು ತಣ್ಣಗೆ ಕೂತಿರುತ್ತದೆ. ನನಗೆ ಆ ನೆಮ್ಮದಿ ದೊಡ್ಡದು.

ಬ್ಲೂಸ್ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಮಡ್ಡಿ ವಾಟರ್ಸ್ ಅವರ ಕೆಂಪು ಟೆಲಿಕಾಸ್ಟರ್, ಪಿಕ್ ಮುಟ್ಟದೆ ಬರೀ ಬೆರಳಲ್ಲಿ ತಂತಿ ಚಿಮ್ಮಿಸುತ್ತಿದ್ದ ಆಲ್ಬರ್ಟ್ ಕಾಲಿನ್ಸ್, ಇಬ್ಬರೇ ಸಾಕು. ವಾಲ್ವ್ ಆಂಪ್ ಅನ್ನು ಸದ್ದು ಒಡೆಯುವ ಅಂಚಿಗೆ ತಂದಿಟ್ಟು, ಬ್ರಿಡ್ಜ್ ಪಿಕಪ್ ಹಾಕಿ, ಗಿಟಾರಿನ ವಾಲ್ಯೂಮ್ ಏರಿಸುತ್ತಾ ಇಳಿಸುತ್ತಾ ನುಡಿಸಿ. 6ರಲ್ಲಿ ಕ್ಲೀನ್, 10ರಲ್ಲಿ ಕಚ್ಚುತ್ತದೆ. ಪೆಡಲ್ ಬೇಡ. ಅದೇ ಆಂಪ್‌ನಲ್ಲಿ ಜಾಝ್‌ಗೆ ಬಂದಾಗ ಟ್ರೆಬಲ್ ಇಳಿಸಿ ಮಿಡ್ ಸ್ವಲ್ಪ ಏರಿಸಿಕೊಳ್ಳುತ್ತೇನೆ.

ಹಂಬಕರ್ ಜೊತೆ ಹೋಲಿಸಿದರೆ? ಲೆಸ್ ಪಾಲ್ ಮಾದರಿಯ ನೆಕ್ ಪಿಕಪ್‌ನಲ್ಲಿ ಒಂಟಿ ಸ್ವರದ ಲೈನ್‌ಗಳು ತುಂಬಾ ಚೆನ್ನ, ಅದರಲ್ಲಿ ಎರಡು ಮಾತಿಲ್ಲ. ದಪ್ಪ, ದುಂಡು. ಆದರೆ ಹತ್ತಿರ ಹತ್ತಿರದ ಸ್ವರಗಳಿರುವ ನಾಲ್ಕು ತಂತಿಯ ಕಾರ್ಡ್ ಹಿಡಿದರೆ ಕೆಳಗಿನ ಸ್ವರಗಳು ಕಲಸಿಹೋಗುತ್ತವೆ. ಅಂದಹಾಗೆ, 1952ರಲ್ಲಿ ಬಂದ ಮೊದಲ ಲೆಸ್ ಪಾಲ್‌ನಲ್ಲಿ ಹಂಬಕರ್ ಇರಲೇ ಇಲ್ಲ, ಇದ್ದದ್ದು ಪಿ-90 ಸಿಂಗಲ್ ಕಾಯಿಲ್. ಸೇತ್ ಲವರ್ ರೂಪಿಸಿದ ಹಂಬಕರ್ ಅದಕ್ಕೆ ಬಂದದ್ದು 1957ರಲ್ಲಿ. ಎರಡೂ ಶೈಲಿಗೆ ಒಂದೇ ಪಿಕಪ್ ಆರಿಸು ಅಂದರೆ ನನ್ನ ಮತ ಪಿ-90ಗೆ ಬಿದ್ದರೂ ಬಿದ್ದೀತು. ಸ್ಟ್ರಾಟೋಕಾಸ್ಟರ್ ಬ್ಲೂಸ್‌ಗೆ ಸೊಗಸು, ಜಾಝ್ ಕಾರ್ಡ್‌ಗೆ ನನ್ನ ಕಿವಿಗೆ ತೆಳು.

ಕಾಟಗಳೂ ಇವೆ. ಸಿಂಗಲ್ ಕಾಯಿಲ್ ಅಂದ ಮೇಲೆ ‘ಗುಂಯ್’ ಇದ್ದದ್ದೇ. ಗಲಾಟೆಯ ಶಫಲ್‌ನಲ್ಲಿ ಯಾರಿಗೂ ಕೇಳುವುದಿಲ್ಲ, ನಿಧಾನದ ಬ್ಯಾಲಡ್‌ನ ಮೌನದಲ್ಲಿ ಎಲ್ಲರಿಗೂ ಕೇಳುತ್ತದೆ. ದೇಹವನ್ನು ಸ್ವಲ್ಪ ಆಚೆ ಈಚೆ ತಿರುಗಿಸಿದರೆ ಕಡಿಮೆಯಾಗುವ ಒಂದು ಕೋನ ಸಿಗುತ್ತದೆ, ಹುಡುಕಿಟ್ಟುಕೊಳ್ಳಿ. ಕೇಬಲ್ ಸಿಕ್ಕಿಸುವ ಬಟ್ಟಲಿನಂಥ ಜಾಕ್ ಸಡಿಲವಾಗಿ ಒಂದು ದಿನ ಒಳಗೇ ಬಿತ್ತು. ಸ್ಕ್ರೂ ಹಾಕುವ ಪ್ಲೇಟ್ ಕೂರಿಸಿದ ಮೇಲೆ ಅಲ್ಲಾಡಿಲ್ಲ. ಬಾಡಿಯ ಅಂಚು ಚೂಪು, ತುಂಬಾ ಹೊತ್ತು ಕೂತು ನುಡಿಸಿದರೆ ಮುಂಗೈಗೆ ಒತ್ತುತ್ತದೆ.

ನೆಕ್‌ನಲ್ಲಿ ಹಂಬಕರ್ ಹಾಕಿಸೋಣವೇ ಅಂತ ಆಗಾಗ ಅನಿಸುತ್ತದೆ. ಬಿಕರ್ಟ್ ಕೂಡ ಮುಂದೆ ಹಾಕಿಸಿಕೊಂಡಿದ್ದರು. ಆದರೆ ಅದಕ್ಕೆ ಸಾಮಾನ್ಯವಾಗಿ ಬಾಡಿಯ ಮರ ಕೊರೆಯಬೇಕು, ಕೊರೆದ ಮರ ವಾಪಸ್ ಬರುವುದಿಲ್ಲ. ಸದ್ಯಕ್ಕೆ ‘ಗುಂಯ್’ ಸಹಿಸಿಕೊಂಡಿದ್ದೇನೆ. ನೀವು ಕೊಳ್ಳುವ ಯೋಚನೆಯಲ್ಲಿದ್ದರೆ ಬ್ರಿಡ್ಜ್ ಪಿಕಪ್ ನೋಡಿ ಮರುಳಾಗಬೇಡಿ, ಹೆಚ್ಚಿನವುಗಳಲ್ಲಿ ಅದು ಚೆನ್ನಾಗೇ ಇರುತ್ತದೆ. ನೆಕ್ ಪಿಕಪ್ ಹಾಕಿ, ಟೋನ್ ಅರ್ಧಕ್ಕೆ ಇಳಿಸಿ, ಆ ಮೂರು ಸ್ವರದ ಜಿ ಸೆವೆನ್ ಹಿಡಿದು ಹತ್ತನೇ ಫ್ರೆಟ್‌ವರೆಗೂ ಒಂದೊಂದೇ ಮನೆ ಮೇಲೆ ಜಾರಿಸಿ ನೋಡಿ. ಶ್ರುತಿ ಕೆಟ್ಟರೆ ಸ್ಯಾಡಲ್ ಬದಲಿಸಿ ಸರಿ ಮಾಡಬಹುದು. ಮೂರೂ ಸ್ವರ ಬಿಡಿಬಿಡಿಯಾಗಿ ಕೇಳದಿದ್ದರೆ ಬೇರೆ ಗಿಟಾರ್ ನೋಡಿ.